ಹುಡುಗಿ ಅವರಿಗೆ, ಹುಡುಗ ಇವರಿಗೆ

"ಹುಡುಗನನ್ನು ಸಹ ತಗೊಳ್ಳಬೇಕಾ?"

ಬೆಳ್ಳೂರಿನ ಸೋದರಮಾವ ನನ್ನ ಹತ್ತಿರ ಮೊದಲು ಕೇಳಿದ ಪ್ರಶ್ನೆ ಇದು. ನಾನು ಆಗಷ್ಟೇ ಅವರ ಚಾವಡಿಯ ಮೆಟ್ಟಿಲು ಹತ್ತಿ ಕೊಡೆ ಮಡಿಸುತ್ತಿದ್ದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ ಉರಿಬಿಸಿಲಿನಲ್ಲಿ ಕೆಂಪು ಮುರಕಲ್ಲಿನ ಗುಡ್ಡ ಹತ್ತಿ ಇಳಿದು ಬಂದಿದ್ದೆ. ಕಾಲಿನ ಅಡಿ ಬೆಂದುಹೋಗಿತ್ತು. ಕುಳಿತುಕೊಳ್ಳಿ ಎನ್ನುವ ಮೊದಲೇ ಆ ಮನುಷ್ಯ ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಈಗಲೂ ನೆನಪುಂಟು. ಆದರೆ ನಾನು ಸರಕಾರದ ಸಂಬಳದವಳು. "ಅದನ್ನು ತೀರ್ಮಾನಿಸುವುದು ಕೋರ್ಟು. ನಾನು ಮನೆ ನೋಡಲಿಕ್ಕೆ ಬಂದವಳು" ಎಂದೆ.

ಕಾಸರಗೋಡು ಆಗ ಮದ್ರಾಸಿಗೆ ಸೇರಿತ್ತು. ಹೆಂಗಸರ ಮತ್ತು ಮಕ್ಕಳ ಕ್ಷೇಮ ನೋಡುವ ಇಲಾಖೆಯೊಂದು ಹೊಸದಾಗಿ ಶುರುವಾಗಿ, ಮಂಗಳೂರು ಕಡೆಯವಳಾದ ನನ್ನನ್ನು ಇಲ್ಲಿಗೆ ಹಾಕಿದ್ದರು. ಪೇಟೆಯ ಹೊರಗೆ ಒಂದು ಬಾಡಿಗೆ ಮನೆಯಲ್ಲಿ ಅನಾಥ ಮಕ್ಕಳಿಗೆ ತಂಗಲು ವ್ಯವಸ್ಥೆ ಇತ್ತು. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಒಬ್ಬ ಅಡುಗೆಯವಳು ಮತ್ತು ನಾನು ಸೇರಿ ಅದನ್ನು ನಡೆಸುತ್ತಿದ್ದೆವು.

ಈ ಇಬ್ಬರು ಮಕ್ಕಳನ್ನು ನಮ್ಮಲ್ಲಿಗೆ ಕಳಿಸಿದ್ದು ಆಸ್ಪತ್ರೆಯ ಡಾಕ್ಟರು. ತಾಯಿ ಟೈಫಾಯ್ಡ್ ಜ್ವರದಲ್ಲಿ ತೀರಿಕೊಂಡಿದ್ದಳು. ಕಾಫಿ ತೋಟದ ಕೆಲಸಕ್ಕೆಂದು ಕೊಡಗಿಗೆ ಹೋದ ತಂದೆ ಅಲ್ಲಿಯ ಚಳಿಜ್ವರಕ್ಕೆ ಅದಕ್ಕೂ ಮೊದಲೇ ಸತ್ತಿದ್ದ. ಮಕ್ಕಳ ಹೆಸರು ಬರೆಯುವುದಿಲ್ಲ. ಅಕ್ಕನಿಗೆ ಹತ್ತು ವರ್ಷ ಇದ್ದೀತು, ತಮ್ಮನಿಗೆ ನಾಲ್ಕು. ಹುಡುಗಿ ಗುಡಿಸುವಳು, ಪಾತ್ರೆ ತೊಳೆಯುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು, ಹೆಚ್ಚಿಗೆ ಒಂದು ಮಾತಿಲ್ಲ. ಹುಡುಗ ಮಾತೇ ಆಡುತ್ತಿರಲಿಲ್ಲ. ಏನಾದರೂ ಬೇಕಾದರೆ ಅಕ್ಕನ ಕಿವಿಯಲ್ಲಿ ಹೇಳುವುದು. ಅವಳು ಕಲಸಿ ಬಾಯಿಗಿಟ್ಟರೆ ನಾಲ್ಕು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ಅವನು ಗಟ್ಟಿಯಾಗಿ ಹೇಳುತ್ತಿದ್ದ ಶಬ್ದ ಒಂದೇ, "ಮಾಮಿ", ಎಂದರೆ ಅತ್ತೆ. ನಿದ್ದೆಯಿಂದ ಏಳುವಾಗ ಮಾಮಿ, ಬಾಗಿಲಲ್ಲಿ ಯಾರದಾದರೂ ಸೀರೆ ಕಂಡರೆ ಮಾಮಿ. ಹಾಗೆಂದ ಕೂಡಲೇ ಅಕ್ಕ ಅವನ ಬಾಯಿಗೆ ಕೈ ಅಡ್ಡ ಹಿಡಿಯುವಳು.

ಕೋರ್ಟಿಗೆ ಎರಡು ಅರ್ಜಿ ಹೋಗಿತ್ತು. ಒಂದು ಬೆಳ್ಳೂರಿನ ಸೋದರಮಾವನದು, ಹುಡುಗಿ ತನಗೆ ಬೇಕೆಂದು. ಇನ್ನೊಂದು ನಾಯ್ಮಾರ್ಮೂಲೆಯಲ್ಲಿದ್ದ ತಂದೆಯ ಅಕ್ಕನದು, ಹುಡುಗ ತನಗೆ ಬೇಕೆಂದು. ನೆಂಟರ ಮನೆ ನೋಡಿ, ಮಕ್ಕಳು ಎಲ್ಲಿದ್ದರೆ ಒಳ್ಳೆಯದು ಎಂದು ವರದಿ ಕೊಡಬೇಕೆಂದು ಕೋರ್ಟು ಇಲಾಖೆಗೆ ಬರೆಯಿತು. ಇಲಾಖೆ ನನಗೆ ಬರೆಯಿತು.

ಮನೆ ನೋಡುವುದಕ್ಕೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದ ಪ್ರಶ್ನೆಗಳಿದ್ದವು. ಮನೆಗೆ ನಲ್ಲಿ ನೀರು ಉಂಟೇ? ಮಲಗುವ ಕೋಣೆಗೆ ಕಿಟಕಿ ಎಷ್ಟು? ಮನೆಯ ಯಜಮಾನ ಕುಡಿಯುತ್ತಾನೆಯೇ? ಬೆಳ್ಳೂರಿನಲ್ಲಿ ನಲ್ಲಿ ಎಂದರೆ ಎಂತದ್ದೆಂದು ಕೇಳಿಯಾರು. ಕುಡಿಯುತ್ತೀರಾ ಎಂದರೆ ಯಾವ ಯಜಮಾನ ಹೌದು ಎನ್ನುತ್ತಾನೆ? ಮಗು ಅತ್ತರೆ ಎತ್ತಿಕೊಳ್ಳುವವರು ಯಾರು ಎಂಬ ಪ್ರಶ್ನೆ ಮಾತ್ರ ಅದರಲ್ಲಿ ಇರಲಿಲ್ಲ.

ಸೋದರಮಾವನ ಮನೆ ದೊಡ್ಡದು. ಕಿಟಕಿಗೆ ಕೊರತೆ ಇಲ್ಲ, ಗದ್ದೆ ಉಂಟು, ಹಟ್ಟಿ ತುಂಬ ದನ ಉಂಟು. ಅವರು ಎಲ್ಲವನ್ನೂ ತೋರಿಸಿದರು. ಮನೆಯ ದೈವದ ಕೋಣೆಯ ಮುಂದೆ ನಿಂತು ನಿಜವಾದ ಸಂಗತಿ ಹೇಳಿದರು. (ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ನಮ್ಮದು ಅಳಿಯಸಂತಾನ. ಕುಟುಂಬ ನಡೆಯುವುದು ಹೆಣ್ಣಿನಿಂದ. ನನಗೆ ಇದ್ದದ್ದು ಒಬ್ಬಳೇ ತಂಗಿ. ಈಗ ಈ ಹುಡುಗಿ ಬಂದರೆ ಮನೆ ಉಂಟು, ಇಲ್ಲದಿದ್ದರೆ ನನ್ನ ನಂತರ ಇಲ್ಲಿ ದೀಪ ಇಡುವವರಿಲ್ಲ."

"ಹುಡುಗನೂ ನಿಮ್ಮ ತಂಗಿಯ ಮಗನೇ ಅಲ್ವಾ?"

"ಹೌದು. ಆದರೆ ಅವನು ಆ ತಂದೆಯದೇ ಅಚ್ಚು ಅಂತೆ."

ತಂಗಿ ಅಣ್ಣನ ಒಪ್ಪಿಗೆ ಇಲ್ಲದೆ ತಾನು ನೋಡಿದವನನ್ನು ಮದುವೆಯಾಗಿದ್ದಳು. ಅಂದಿನಿಂದ ಮನೆಯ ಬಾಗಿಲು ಅವಳಿಗೆ ಮುಚ್ಚಿತ್ತು. ಬೆಳ್ಳೂರಿನಿಂದ ಅಡೂರಿಗೆ ಹೋಗುವ ದಾರಿಯಲ್ಲಿ ಒಂದು ಜೋಪಡಿ ಕಟ್ಟಿಕೊಂಡು ಕೂಲಿಗೆ ಹೋಗುತ್ತಿದ್ದಳಂತೆ. ಅಣ್ಣ ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದ. ಆಸ್ಪತ್ರೆಗೂ ಹೋಗಲಿಲ್ಲ.

"ಹುಡುಗಿಯನ್ನು ಇಲ್ಲಿ ನೋಡಿಕೊಳ್ಳುವುದು ಯಾರು?"

"ಇವಳು ಉಂಟಲ್ಲ" ಎಂದು ಒಳಬಾಗಿಲ ಕಡೆ ಕೈ ತೋರಿಸಿದರು.

ಅವರ ಹೆಂಡತಿ ಬೆಲ್ಲ ನೀರು ತಂದು ಇಟ್ಟಿದ್ದಳು. ನಲವತ್ತರ ಹೆಂಗಸು. ಅವರ ಪದ್ಧತಿಯಲ್ಲಿ ಹೆಂಡತಿ ಗಂಡನ ಕುಟುಂಬಕ್ಕೆ ಸೇರಿದವಳಲ್ಲ. ಅವಳ ಮನೆ ಅವಳ ತಾಯಿಯ ಮನೆ, ಅವಳು ಹೆತ್ತ ಮಕ್ಕಳು ಅಲ್ಲಿಯವರು. ಈಕೆಯ ತಾಯಿಮನೆ ಅಡೂರಿನಲ್ಲಿ. ಇಬ್ಬರು ಬೆಳೆದ ಮಕ್ಕಳು ಅಲ್ಲೇ ಬೇಸಾಯ ಮಾಡಿಕೊಂಡಿದ್ದರು. ಅರ್ಧ ತಿಂಗಳು ಅಲ್ಲಿ, ಅರ್ಧ ತಿಂಗಳು ಇಲ್ಲಿ, ಹೀಗೆ ಅವಳ ಸಂಸಾರ. ನಾನು ಹೊರಡುವಾಗ ಬಾಗಿಲ ಮರೆಯಿಂದ ಒಂದೇ ಮಾತು ಕೇಳಿದಳು. "ಸಣ್ಣವ ಊಟ ಮಾಡ್ತಾನಾ?"

"ಇಲ್ಲ" ಎಂದೆ. ಉಪಚಾರದ ಮಾತೆಂದು ಎಣಿಸಿದೆ. ಅರ್ಜಿ ಹಾಕಿದವರನ್ನು ಪ್ರಶ್ನಿಸಬೇಕೆಂದು ನನಗೆ ಹೇಳಿದ್ದರು. ಅವಳು ಅರ್ಜಿ ಹಾಕಿದವಳಲ್ಲ.

ನಾಯ್ಮಾರ್ಮೂಲೆಯ ಮನೆ ನೋಡಲು ಹೋದರೆ ಪ್ರತಿ ಸಲವೂ ಬಾಗಿಲಿಗೆ ಬೀಗ. ಅತ್ತೆ ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಹೋಗಿರುತ್ತಾಳೆ, ಗಂಡ ಮೂಲೆಯ ತನ್ನ ವೀಳ್ಯದ ಅಂಗಡಿಯಲ್ಲಿ. "ನಾಳೆ ಬನ್ನಿ ಅಮ್ಮಾ" ಎನ್ನುವುದು, ನಾಳೆ ಹೋದರೆ ಅದೇ ಬೀಗ. ಕಡೆಗೆ ಒಂದು ಬೆಳಿಗ್ಗೆ ಅವಳು ಬುಟ್ಟಿ ಎತ್ತುವ ಹೊತ್ತಿಗೇ ಹೋಗಿ ಅಂಗಳದಲ್ಲಿ ನಿಂತೆ.

"ನೋಡ್ಲಿಕ್ಕೆ ಎಂತ ಉಂಟು ಇಲ್ಲಿ?" ಎಂದಳು. "ಒಂದು ಕೋಣೆ. ಮೂರು ಹೆಣ್ಣುಮಕ್ಕಳು. ನೋಡಿ ಆಯ್ತಲ್ಲ?"

"ಇಷ್ಟು ಮಂದಿ ಇರುವಾಗ ಇನ್ನೊಬ್ಬ ಯಾಕೆ?"

ಅವಳು ಬುಟ್ಟಿ ಕೆಳಗಿಟ್ಟಳು. ಒಳಗಿನಿಂದ ಮಡಿಸಿಟ್ಟ ಎರಡು ಸಣ್ಣ ಅಂಗಿ ತಂದು ತೋರಿಸಿದಳು. ಅವಳ ಮಗನದು. ಹಿಂದಿನ ಮಳೆಗಾಲದಲ್ಲಿ ತೀರಿಹೋಗಿದ್ದ, ಇದೇ ಪ್ರಾಯದವ. "ನನ್ನ ತಮ್ಮನ ಮಗ ಅಂದರೆ ನನ್ನ ಮಗನೇ. ಅಂಗಿ ಹೇಳಿ ಹೊಲಿಸಿದ ಹಾಗೆ ಆಗ್ತದೆ ಅವನಿಗೆ."

ಹುಡುಗಿಯ ವಿಷಯ ಎತ್ತಿದರೆ, "ಹೆಣ್ಣು ಮೂರು ಉಂಟು ನನ್ನಲ್ಲಿ. ಅವಳನ್ನು ಬೆಳ್ಳೂರಿನವರು ಬಿಟ್ಟಾರಾ?" ಎಂದಳು.

ಅವಳ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ.

ನಾನು ಕಂಡದ್ದನ್ನು ಬರೆದೆ. ಹುಡುಗ ಅಕ್ಕನ ಕೈಯಿಂದ ಮಾತ್ರ ಉಣ್ಣುತ್ತಾನೆ, ಅವರನ್ನು ಬೇರೆ ಮಾಡಬಾರದು, ಆದರೆ ಇಬ್ಬರನ್ನೂ ಕೇಳುವ ಮನೆ ಇಲ್ಲ ಎಂದು. ಮಂಗಳೂರಿನಲ್ಲಿದ್ದ ನನ್ನ ಮೇಲಧಿಕಾರಿ ಅದನ್ನು ಓದಿ ನನ್ನನ್ನು ಕರೆಸಿದರು. ಕೆಟ್ಟ ಹೆಂಗಸಲ್ಲ. ಆದರೆ ಕೆಲಸ ಬೇಗ ಮುಗಿಯಬೇಕು ಅವರಿಗೆ.

"ಎರಡು ಅರ್ಜಿ, ಎರಡು ಮಕ್ಕಳು. ಹುಡುಗಿ ಅವರಿಗೆ, ಹುಡುಗ ಇವರಿಗೆ. ಇದರಲ್ಲಿ ತಲೆಬಿಸಿ ಎಂತದ್ದು ಮಾರಾಯ್ತಿ?"

"ಆ ಹುಡುಗ ಉಳಿಯುವುದಿಲ್ಲ, ಅಮ್ಮ."

"ನೀನೇ ಬರೆದಿದ್ದೀಯಲ್ಲ, ಅವನು ಯಾವಾಗಲೂ ಮಾಮಿ ಮಾಮಿ ಅಂತಾನೆ ಅಂತ. ತಂದೆಯ ಅಕ್ಕ ಅಂದರೆ ಮಾಮಿಯೇ ಅಲ್ವಾ? ಅವನಿಗೆ ಬೇಕಾದದ್ದು ಅವಳೇ. ಒಂದು ವಾರ ಅಲ್ಲಿ ಬಿಟ್ಟು ನೋಡು."

ನನಗೂ ಹಾಗೆಯೇ ತೋರಿತ್ತು. ಹುಡುಗನನ್ನು ನಾಯ್ಮಾರ್ಮೂಲೆಗೆ ಕರೆದುಕೊಂಡು ಹೋದೆ. ಅಕ್ಕ ಅಳಲಿಲ್ಲ. ತಮ್ಮನ ಚಡ್ಡಿಯ ಗುಂಡಿ ಬಿಗಿ ಮಾಡಿ ಹೊಲಿದು, ಅವನ ತಲೆ ಬಾಚಿ ನನ್ನ ಕೈಗೆ ಕೊಟ್ಟಳು. ನಾನು ತಿರುಗಿ ಬಂದಾಗ ಅಡುಗೆಮನೆಯಲ್ಲಿ ಒಲೆಯ ಬೂದಿ ತೆಗೆಯುತ್ತಿದ್ದಳು. ಮುಖ ಎತ್ತಲಿಲ್ಲ.

ವಾರ ತುಂಬಲಿಲ್ಲ. ಅತ್ತೆಯ ಗಂಡ ಹುಡುಗನನ್ನು ಹೆಗಲ ಮೇಲೆ ಹಾಕಿಕೊಂಡು ಆಶ್ರಮಕ್ಕೆ ಬಂದ. ಮೈ ಕೆಂಡದಂತೆ ಸುಡುತ್ತಿತ್ತು. ಹಿಂದೆಯೇ ಅತ್ತೆ, ಅಂಗಿ ಕೈಯಲ್ಲಿ.

"ಒಂದು ಹನಿ ಗಂಜಿ ಇಳಿಸಲಿಲ್ಲ" ಎಂದ ಗಂಡ. "ಬೆಳಗ್ಗಿಂದ ಸಂಜೆವರೆಗೆ ಮಾಮಿ ಬೇಕು ಅಂತಾನೆ. ಇವಳು ನಾನೇ ಮಾಮಿ ಅಂತಾಳೆ. ಆಗ ಇನ್ನೂ ಜೋರು ಕಿರುಚ್ತಾನೆ. ನೆರೆಮನೆಯವರು ನಾವು ಹೊಡೀತೇವೆ ಅಂತ ಎಣಿಸಿದ್ದಾರೆ."

ಅತ್ತೆ ನನ್ನ ಮೇಲೆ ಹರಿಹಾಯ್ದಳು. "ನೀವು ಇಲ್ಲಿ ಎಂತ ಕಲಿಸಿಟ್ಟಿದ್ದೀರಿ ಇವನಿಗೆ? ಜ್ವರ ಇಳಿದ ಕೂಡಲೇ ತಿರುಗಿ ಕರಕೊಂಡು ಹೋಗ್ತೇನೆ. ನಾನು ಅರ್ಜಿ ಬಿಡುವವಳಲ್ಲ."

ಹುಡುಗನ ಹಣೆಗೆ ಒದ್ದೆ ಬಟ್ಟೆ ಇಡುತ್ತ ಕುಳಿತಾಗ ನನಗೆ ತಲೆಕೆಟ್ಟುಹೋಯಿತು. ಮಾಮಿಯ ಮಡಿಲಲ್ಲಿ ಕುಳಿತು ಮಾಮಿ ಬೇಕೆಂದು ಅಳುವ ಹುಡುಗನಿಗೆ ಎಂತ ಮಾಡುವುದು? ಹಾಗೆ ಗೊಣಗುತ್ತಿರುವಾಗಲೇ ಹೊಳೆಯಿತು. ತುಳುವಿನಲ್ಲಿ ತಂದೆಯ ಅಕ್ಕತಂಗಿಯರು ಮಾತ್ರ ಮಾಮಿಯಲ್ಲ, ಸೋದರಮಾವನ ಹೆಂಡತಿಯೂ ಮಾಮಿಯೇ. ಹುಟ್ಟಿದಂದಿನಿಂದ ಆಡಿದ ಭಾಷೆ ನನ್ನದು. ಬೆಳ್ಳೂರಿನ ಮನೆಯಲ್ಲಿ ಈ ಮಕ್ಕಳು ಕಾಲಿಟ್ಟವರಲ್ಲ ಎಂದು ಎಲ್ಲರೂ ಹೇಳಿದ್ದರಿಂದ ಆ ಕಡೆಗೆ ಬುದ್ಧಿ ಓಡಿಯೇ ಇರಲಿಲ್ಲ.

ಹುಡುಗಿಯನ್ನು ಕರೆದು ಕೇಳಿದೆ. "ತಮ್ಮ ಕೇಳುವುದು ಯಾವ ಮಾಮಿಯನ್ನು?"

"ಗೊತ್ತಿಲ್ಲ."

"ಬೆಳ್ಳೂರಿನ ಮಾಮಿಯನ್ನು ನೀನು ನೋಡಿದ್ದುಂಟಾ?"

"ಗೊತ್ತಿಲ್ಲ" ಎಂದು ತುಟಿ ಬಿಗಿಹಿಡಿದಳು. ಆಮೇಲೆ ಎಷ್ಟು ಕೇಳಿದರೂ ಅದೇ.

ತೀರ್ಮಾನ ಆಗುವ ಮೊದಲು ಮೇಲಿನವರ ಅಪ್ಪಣೆ ಇಲ್ಲದೆ ಮಕ್ಕಳನ್ನು ನೆಂಟರ ಮನೆಗಳಿಗೆ ಕರೆದೊಯ್ದು ತೋರಿಸಬಾರದು, ಆಸೆ ಹುಟ್ಟಿಸಬಾರದು ಎಂಬುದು ನಮ್ಮ ಇಲಾಖೆಯ ಕಟ್ಟಪ್ಪಣೆ. ನಾಯ್ಮಾರ್ಮೂಲೆಯಲ್ಲಿ ಹಾಗಾದ ಮೇಲೆ ಇನ್ನೊಮ್ಮೆ ಮೇಲಧಿಕಾರಿಯ ಒಪ್ಪಿಗೆ ಕೇಳಿದ್ದರೆ ಸಿಗುತ್ತಿರಲಿಲ್ಲ. ನಾನು ಕೇಳಲಿಲ್ಲ. ಹುಡುಗ ಎದ್ದು ಓಡಾಡುವಂತಾದ ಮೇಲೆ ಇಬ್ಬರನ್ನೂ ಬಸ್ಸು ಹತ್ತಿಸಿ ಬೆಳ್ಳೂರಿಗೆ ಹೊರಟೆ.

ಸೋದರಮಾವ ಚಾವಡಿಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಹುಡುಗಿಯನ್ನು ಕಂಡು ಎದ್ದು ನಿಂತರು. ಮುಖದಲ್ಲಿ ಎಂತದೋ ಬಂದು ಹೋಯಿತು, ತಂಗಿಯ ಹೋಲಿಕೆ ಕಂಡಿರಬೇಕು. ಅಷ್ಟರಲ್ಲಿ ಅವರ ಹೆಂಡತಿ ಬಾವಿ ಕಡೆಯಿಂದ ಸೊಂಟದಲ್ಲಿ ಕೊಡಪಾನ ಇಟ್ಟುಕೊಂಡು ಅಂಗಳಕ್ಕೆ ಬಂದಳು. ನನ್ನ ಹೆಗಲ ಮೇಲೆ ತೂಕಡಿಸುತ್ತಿದ್ದ ಹುಡುಗ ತಲೆ ಎತ್ತಿದ. ಮೈಯನ್ನೆಲ್ಲ ಹುರಿಮಾಡಿಕೊಂಡು ನನ್ನ ಕೈಯಿಂದ ಜಾರಿ ಇಳಿದು, "ಮಾಮೀ" ಎಂದು ಓಡಿದ.

ಕೊಡಪಾನ ಉರುಳಿತು. ಅವಳು ಅವನನ್ನು ಎತ್ತಿ ನೆತ್ತಿ ಮೂಸಿದಳು, ತೋಳು ಹಿಡಿದು ನೋಡಿದಳು, "ಎಂತ ಇದು, ಕಡ್ಡಿ ಹಾಗೆ ಆಗಿದ್ದೀಯಲ್ಲ ಮಗಾ" ಎಂದಳು. ಗಂಡ ನೋಡುತ್ತಿದ್ದಾರೆ ಎಂಬುದು ನೆನಪಾದದ್ದು ಆಮೇಲೆ.

ಹುಡುಗಿ ನನ್ನ ಪಕ್ಕದಿಂದ ಅಲ್ಲಾಡಿರಲಿಲ್ಲ. ಅಲ್ಲಿಂದಲೇ, "ನಾನು ಹೇಳ್ಲಿಲ್ಲ ಮಾಮಿ. ಯಾರಿಗೂ ಹೇಳ್ಲಿಲ್ಲ" ಎಂದಳು.

ಚೆಲ್ಲಿದ ನೀರು ಹರಿದು ತುಳಸಿಕಟ್ಟೆಯ ತನಕ ಹೋಯಿತು. ಕಡೆಗೆ ಗಂಡ ಕೇಳಿದರು. "ಎಷ್ಟು ಸಮಯದಿಂದ?"

"ಅವಳು ಈ ಮನೆ ಬಿಟ್ಟಂದಿನಿಂದ" ಎಂದಳು ಹೆಂಡತಿ. "ಅಡೂರಿಗೆ ಹೋಗುವಾಗಲೂ ಬರುವಾಗಲೂ ಅವಳಲ್ಲಿ ಹೊಕ್ಕೇ ಹೋಗ್ತಿದ್ದೆ. ಇವನು ಹುಟ್ಟುವಾಗ ನಾನೇ ಇದ್ದದ್ದು."

"ನನಗೆ ಹೇಳದೆ."

"ಹೇಳಿದ್ದರೆ ನೀವು ಬಿಡ್ತಿದ್ರಾ?"

ಅವರು ಹೊಸೆಯುತ್ತಿದ್ದ ಹಗ್ಗ ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳು ಮಕ್ಕಳನ್ನು ಅಡುಗೆಮನೆಗೆ ಕರೆದೊಯ್ದು ಉಣ್ಣಿಸಿದಳು. ಆ ಹುಡುಗ ತಟ್ಟೆ ನೆಕ್ಕುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳಿಂದ ಆಗ ತಿಳಿದ ಸಂಗತಿ ಕೇಳಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಗಂಡನಿಂದ ಅರ್ಜಿ ಹಾಕಿಸಿದ್ದೇ ಅವಳು. ನಾದಿನಿ ಸತ್ತ ಸುದ್ದಿ ತಿಳಿದ ಮೇಲೆ, ಸಂತಾನ ನಿಂತುಹೋಗುತ್ತದೆ, ದೈವಕ್ಕೆ ದೀಪ ಇಡುವವರಿಲ್ಲ ಎಂದು ಹೇಳಿ ಹೇಳಿ ಅವರನ್ನು ವಕೀಲರ ಮನೆಗೆ ಕಳಿಸಿದ್ದಳು. "ಆ ಮಾತು ಹುಡುಗಿಗೆ ಮಾತ್ರ ನಡೀತದೆ, ಹುಡುಗನಿಗೆ ನಡೆಯುವುದಿಲ್ಲ. ಒಮ್ಮೆ ಅವಳು ಬರಲಿ, ಹಿಂದಿನಿಂದ ಅವನನ್ನೂ ತರಿಸುವ ಅಂತ ಎಣಿಸಿದ್ದೆ."

"ಇದನ್ನು ನನಗೆ ಮೊದಲೇ ಹೇಳಬಾರದಿತ್ತಾ?"

"ನೀವು ಬರೆದುಕೊಂಡು ಹೋಗಿ ಕೋರ್ಟಿನಲ್ಲಿ ಓದುವವರು. ನಾನು ಹೇಳಿದ್ದರೆ ಅವರಿಗೆ ಗೊತ್ತಾಗುವುದಿಲ್ವಾ?"

ಮಕ್ಕಳನ್ನು ಬಿಡಿಸಿಕೊಂಡು ಬರುವುದು ಎಷ್ಟು ಕಷ್ಟವಾಯಿತೆಂದು ಬರೆಯಲಾರೆ. ಹುಡುಗನ ಬೆರಳುಗಳನ್ನು ಅವಳ ಸೆರಗಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಅವಳೂ ಅಂದೇ ಬಟ್ಟೆ ಕಟ್ಟಿಕೊಂಡು ಅಡೂರಿಗೆ ಹೊರಟಳು.

ನಾನು ಹೊಸ ವರದಿ ಬರೆದೆ. ಇಬ್ಬರನ್ನೂ ಸೋದರಮಾವನ ಹೆಂಡತಿಯ ವಶಕ್ಕೆ, ಅವಳ ಅಡೂರಿನ ತಾಯಿಮನೆಗೆ ಕೊಡಬೇಕು ಎಂದು. ಅದು ತಿರುಗಿ ಬಂತು. ಮೇಲಧಿಕಾರಿಗೆ ಎರಡು ಸಿಟ್ಟು. ಕೇಳದೆ ಮಕ್ಕಳನ್ನು ಕರೆದೊಯ್ದದ್ದಕ್ಕೆ ಒಂದು, ಅರ್ಜಿಯೇ ಹಾಕದವಳ ಹೆಸರು ಬರೆದದ್ದಕ್ಕೆ ಇನ್ನೊಂದು. "ಅವಳು ಆ ಮಕ್ಕಳಿಗೆ ಹೇಗೆ ನೆಂಟಳು? ಅವಳ ಕುಟುಂಬ ಬೇರೆ, ವಂಶದ ಬಳಿ ಬೇರೆ. ನಾಳೆ ವಕೀಲರು ಕೇಳಿದರೆ ನಾನು ಎಂತ ಹೇಳಲಿ?"

ಹೆರಿಗೆಯಲ್ಲಿ ಜೊತೆಗಿದ್ದವಳು ನೆಂಟಳಲ್ಲ, ತಂಗಿಯ ಹೆಣದ ಮುಖ ನೋಡಲು ಬಾರದವನು ನೆಂಟ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ಅವಳೇ ಅರ್ಜಿ ಹಾಕಿದರೆ?" ಎಂದು ಕೇಳಿದೆ.

"ಹಾಕಿದರೆ ನೋಡುವ."

ಅಡೂರಿಗೆ ಹೋದೆ. ಅವಳು ಗದ್ದೆಯ ಅಂಚಿನ ಹುಣಿಯಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಅರ್ಜಿಯ ಮಾತು ಎತ್ತಿದರೆ ಕತ್ತಿ ಕೆಳಗಿಡದೆ, "ಆಗುವುದಿಲ್ಲ" ಎಂದಳು.

"ಮಕ್ಕಳು ಬೇಡವಾ?"

"ಬೇಡ ಅಂತ ಯಾರು ಹೇಳಿದ್ದು? ಗಂಡ ಹಾಕಿದ ಅರ್ಜಿಗೆ ಎದುರಾಗಿ ನಾನು ಅರ್ಜಿ ಹಾಕಿದರೆ ನಾಳೆ ನಾನು ಆ ಮನೆಯ ಮೆಟ್ಟಿಲು ಹತ್ತಬೇಕಾ ಬೇಡವಾ?"

ಚಾವಡಿಯಲ್ಲಿ ಕುಳಿತಿದ್ದ ಅವಳ ತಾಯಿ, ಆ ಮನೆಯ ಯಜಮಾನಿ, ಎಲೆ ಅಡಿಕೆ ಕುಟ್ಟುತ್ತ ತನ್ನ ಮಾತು ಸೇರಿಸಿದಳು. "ಮಕ್ಕಳು ಬರಲಿ. ಎರಡು ತಟ್ಟೆ ಹೆಚ್ಚಾದರೆ ನಮಗೆ ಭಾರ ಇಲ್ಲ. ಆದರೆ ಅಳಿಯನ ಬಾಯಿಂದ ಬರಬೇಕು. ಅವನ ಕುಟುಂಬದ ಹೆಣ್ಣನ್ನು ನಾವು ಕದ್ದು ತಂದೆವು ಅಂತ ಆಗಬಾರದು."

ಅಂದರೆ ನಾನು ತಿರುಗಿ ಬೆಳ್ಳೂರಿಗೆ ಹೋಗಬೇಕು. ಆ ಬಸ್ಸು, ಆ ಗುಡ್ಡ, ಆ ಬಿಸಿಲು. ಒಬ್ಬನಿಗೆ ಬಾಯಿ ಬಿಡಲು ಅಭಿಮಾನ ಅಡ್ಡ, ಒಬ್ಬಳಿಗೆ ಮರ್ಯಾದೆ ಅಡ್ಡ, ಇನ್ನೊಬ್ಬರಿಗೆ ಇಲಾಖೆಯ ನಿಯಮ ಅಡ್ಡ. ಆಶ್ರಮದಲ್ಲಿ ಹುಡುಗ ಮತ್ತೆ ಊಟ ಬಿಟ್ಟಿದ್ದ. ಈ ಸಲ ಅಕ್ಕನ ಕೈತುತ್ತೂ ಬೇಡ. ಕೋರ್ಟಿನ ದಿನ ಹತ್ತಿರ ಬರುತ್ತಿತ್ತು. ಆ ದಿನದೊಳಗೆ ಬೇರೆ ದಾರಿ ಆಗದಿದ್ದರೆ ಹುಡುಗಿ ಅವರಿಗೆ, ಹುಡುಗ ಇವರಿಗೆ ಎಂದು ನಾನೇ ಸಹಿ ಹಾಕಬೇಕಿತ್ತು.

ಬೆಳ್ಳೂರಿನ ದೊಡ್ಡ ಮನೆಯಲ್ಲಿ ಸೋದರಮಾವ ಒಬ್ಬರೇ. ಒಲೆ ಉರಿಸಲು ಹೋಗಿ ಕಣ್ಣು ಕೆಂಪು ಮಾಡಿಕೊಂಡಿದ್ದರು, ಮನೆ ತುಂಬ ಹೊಗೆ. ನಾನು ಮಾತು ಶುರುಮಾಡುವ ಮೊದಲೇ ಅವರು ಅಂದರು, "ಊರಿನವರು ನಗ್ತಿದ್ದಾರೆ. ಹೆಂಡತಿಗೆ ಗೊತ್ತಿದ್ದದ್ದು ಇವನಿಗೆ ಗೊತ್ತಿಲ್ಲ ಅಂತ."

"ನಗುವವರು ಮಕ್ಕಳನ್ನು ಸಾಕುವುದಿಲ್ಲ" ಎಂದೆ.

ಅವರು ಹೊಗೆಯಾಡುವ ಕೊಳ್ಳಿಯೊಂದನ್ನು ಒಲೆಯಿಂದ ಹೊರಗೆಳೆದರು. ಆಮೇಲೆ ನೆಲ ನೋಡುತ್ತ, "ಒಂದು ಉಪಕಾರ ಮಾಡ್ತೀರಾ? ನೀವು ಅಡೂರಿಗೆ ಹೋಗುವವರಲ್ವಾ. ಅವಳ ಹತ್ತಿರ ಕೇಳಿ. ನನ್ನ ತಂಗಿ ಯಾವಾಗಲಾದರೂ ನನ್ನ ಬಗ್ಗೆ ಎಂತಾದರೂ ಹೇಳಿದ್ದುಂಟಾ ಅಂತ. ಬೈದಿದ್ದರೂ ಅಡ್ಡಿ ಇಲ್ಲ."

ಬೇರೆ ದಿನವಾಗಿದ್ದರೆ ನನ್ನ ಮನಸ್ಸು ಕರಗುತ್ತಿತ್ತೋ ಏನೋ. ಅಂದು ಕಾಲು ಸುಟ್ಟಿತ್ತು, ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಆ ಹುಡುಗನ ಕಡ್ಡಿ ತೋಳು ಇತ್ತು. ನನ್ನ ಸ್ವರ ಏರಿತು.

"ನಾನು ಕೋರ್ಟಿಗೆ ವರದಿ ಬರೆಯುವವಳು, ನಿಮ್ಮ ಗಂಡ ಹೆಂಡತಿಯ ನಡುವೆ ಸುದ್ದಿ ಹೊರುವವಳಲ್ಲ. ಅಡೂರು ಸಮುದ್ರದಾಚೆ ಇಲ್ಲ. ನಿಮ್ಮ ಹೆಂಡತಿ, ನಿಮ್ಮ ತಂಗಿ. ನೀವೇ ಹೋಗಿ ಕೇಳಿ. ಕೇಳುವ ಧೈರ್ಯ ಇಲ್ಲದಿದ್ದರೆ ಅರ್ಜಿಯನ್ನಾದರೂ ಹಿಂದೆ ತಗೊಳ್ಳಿ. ಆ ಮಗು ಸಾಯುವ ಮೊದಲು ಎಂತಾದರೂ ಒಂದು ಮಾಡಿ."

ಅರ್ಜಿದಾರನೊಡನೆ ಇಲಾಖೆಯವಳು ಆಡಬೇಕಾದ ಮಾತಲ್ಲ ಅದು. ಅವರು ಎದ್ದು ನಿಂತಾಗ ನನ್ನನ್ನು ಹೊರಗೆ ಹಾಕುತ್ತಾರೆ ಎಂದೇ ಎಣಿಸಿದೆ. ಅವರು ಕಂಬಕ್ಕೆ ಒರಗಿ, "ಬಿಸಿಲು ಇಳಿದ ಮೇಲೆ ಹೋಗಿ" ಎಂದಷ್ಟೇ ಹೇಳಿದರು. ನಾನು ನಿಲ್ಲಲಿಲ್ಲ.

ಕೋರ್ಟಿನ ದಿನ ಮಂಗಳೂರಿಗೆ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ಹುಡುಗ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ. ಎರಡೂ ಕಡೆಯವರು ಬಂದಿದ್ದರು. ಸೋದರಮಾವನ ಹಿಂದೆ, ನಾಲ್ಕು ಮಾರು ದೂರದಲ್ಲಿ, ಅವರ ಹೆಂಡತಿ ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಜಡ್ಜಿಯವರು ಕೇಳಿದಾಗ ವಕೀಲ ಬಾಯಿ ತೆರೆಯುವ ಮೊದಲೇ ಸೋದರಮಾವ ಎದ್ದರು. "ಹುಡುಗಿ ಮತ್ತು ಹುಡುಗ, ಇಬ್ಬರಿಗೂ ನಾನು ಜವಾಬ್ದಾರ. ಹೆಸರು ನನ್ನದಿರಲಿ. ಮಕ್ಕಳು ನನ್ನ ಹೆಂಡತಿಯ ಹತ್ತಿರ ಅಡೂರಿನಲ್ಲಿ ಬೆಳೆಯಲಿ. ದೈವದ ದಿನ ಮಾತ್ರ ಬೆಳ್ಳೂರಿಗೆ ಬರಬೇಕು." ಅವರ ವಕೀಲ ಶಾಲು ಸರಿಮಾಡಿಕೊಂಡು ಕುಳಿತುಬಿಟ್ಟ. ಹುಡುಗನಿಗೆ ಕೂಡ ಬೇರೆ ಅರ್ಜಿ ಆಗಲೇ ಬರೆದು ತಂದಿದ್ದರು. ಜಡ್ಜಿಯವರು ಹುಡುಗಿಯನ್ನು ಹತ್ತಿರ ಕರೆದು ಸಣ್ಣ ಸ್ವರದಲ್ಲಿ ಎಂತದೋ ಕೇಳಿದರು. ಅವಳು ತಲೆ ಆಡಿಸಿದಳು.

ಸೋದರಮಾವ ಅಡೂರಿಗೆ ಹೋಗಿದ್ದರು ಎಂಬುದು ಸ್ಪಷ್ಟ. ಅಲ್ಲಿ ಗಂಡ ಹೆಂಡತಿ ಎಂತ ಮಾತಾಡಿದರು, ತಂಗಿ ಅವರ ಬಗ್ಗೆ ಎಂತ ಹೇಳಿದ್ದಳು, ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೋರ್ಟಿನ ಹುಕುಂನಲ್ಲಿ ಪೋಷಕ ಎಂದು ಸೋದರಮಾವನ ಹೆಸರು ಬಂತು. ಮಕ್ಕಳನ್ನು ನೋಡಿಕೊಳ್ಳುವವಳಿಗೆ ಸಿಕ್ಕಿದ್ದು "ಅರ್ಜಿದಾರನ ಹೆಂಡತಿ" ಎಂಬ ಎರಡು ಶಬ್ದ.

ಹೊರಗೆ ಅಂಗಳದಲ್ಲಿ ನಾಯ್ಮಾರ್ಮೂಲೆಯ ಅತ್ತೆ ನನ್ನನ್ನು ತಡೆದು ನಿಲ್ಲಿಸಿದಳು.

"ನಿಮಗೆ ದೊಡ್ಡ ಮನೆಯವರೇ ಕಣ್ಣಿಗೆ ಬಿದ್ದದ್ದು ಅಲ್ವಾ?"

"ಹಾಗಲ್ಲ. ಅವನು ನಿಮ್ಮಲ್ಲಿ ಊಟ..."

"ಒಂದು ತಿಂಗಳು ಕೊಟ್ಟಿದ್ದರೆ ಮಾಡ್ತಿದ್ದ. ಅವರಿಗೆ ಹುಟ್ಟಿದಂದಿನಿಂದ ಸಮಯ ಇತ್ತು. ನನಗೆ ಒಂದು ವಾರವೂ ಇಲ್ಲ."

ಅಂಗಿಗಳನ್ನು ಹುಡುಗನಿಗಾದರೂ ಕೊಡುತ್ತಾಳೋ ಎಂದು ನಾನು ಅವಳ ಕೈಯ ಗಂಟು ನೋಡಿದೆ. ಅವಳು ಅದನ್ನು ಸೆರಗಿನೊಳಗೆ ಸರಿಸಿ ನಡೆದುಬಿಟ್ಟಳು. ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಕೆಲಸ ಮುಗಿಯಿತು ಎಂದುಕೊಂಡರೆ, ಒಂದು ವರ್ಷದ ತನಕ ಆಗಾಗ ಅಡೂರಿಗೆ ಹೋಗಿ ಮಕ್ಕಳನ್ನು ನೋಡಿ ಬರಬೇಕೆಂದು ಇಲಾಖೆಯ ಅಪ್ಪಣೆ. ಮೊದಲ ಸಲ ಹೋದಾಗ ಹುಡುಗ ನನ್ನನ್ನು ಕಂಡು ಹಟ್ಟಿಯ ಅಟ್ಟದಲ್ಲಿ ಅಡಗಿದ. ಎರಡನೆಯ ಸಲ ಗುಡ್ಡಕ್ಕೆ ಓಡಿದ, ಹುಡುಕಿ ತರಲು ಸಂಜೆಯಾಯಿತು. ಮೂರನೆಯ ಸಲ ಹೋದಾಗ ಮಾಮಿಯೇ ಬೇಲಿಯ ತಡಮೆಯ ಹತ್ತಿರ, ಅಡ್ಡಕೋಲು ಸಿಕ್ಕಿಸಿ ಮುಚ್ಚುವ ದಾರಿಯಲ್ಲಿ, ನಿಂತಿದ್ದಳು. ನಾನು ಬರುವುದನ್ನು ಗದ್ದೆಯಾಚೆಯಿಂದಲೇ ಕಂಡಿರಬೇಕು. ತಡಮೆಯ ಅಡ್ಡಕೋಲಿನ ಮೇಲೆ ಕೈ ಇಟ್ಟಿದ್ದಳು, ತೆಗೆಯಲಿಲ್ಲ.

"ಒಳಗೆ ಬನ್ನಿ ಅಂತ ಕರೆಯುವುದಿಲ್ಲ, ಬೇಜಾರು ಮಾಡಬೇಡಿ" ಎಂದಳು. "ನೀವು ಬಂದರೆ ತಿರುಗಿ ಕರಕೊಂಡು ಹೋಗ್ತೀರಿ ಅಂತ ಅವನಿಗೆ ಹೆದರಿಕೆ. ನೀವು ಹೋದ ಮೇಲೆ ಎರಡು ದಿನ ನನ್ನ ಸೆರಗು ಬಿಡುವುದಿಲ್ಲ."

ಆ ಊರಿನಲ್ಲಿ ಬಂದವರನ್ನು ತಡಮೆಯ ಹೊರಗೆ ನಿಲ್ಲಿಸುವುದು ಸಣ್ಣ ಸಂಗತಿಯಲ್ಲ. ನನಗೆ ಸಿಟ್ಟು ಬಂತು. ಈ ಮಕ್ಕಳಿಗೋಸ್ಕರ ಚಪ್ಪಲಿ ಸವೆಸಿದವಳು ನಾನು, ಮೇಲಿನವರಿಂದ ಮಾತು ಕೇಳಿದವಳು ನಾನು. ಬಾಯಿ ತೆರೆದೆ. ಅಷ್ಟರಲ್ಲಿ ಮನೆಯ ಹಿಂದಿನಿಂದ ಹುಡುಗನ ಸ್ವರ ಕೇಳಿತು. ಯಾವುದೋ ಕರು ತನ್ನದೆಂದೂ, ಅಕ್ಕ ಅದನ್ನು ಮುಟ್ಟಬಾರದೆಂದೂ, ಮುಟ್ಟಿದರೆ ಅಜ್ಜಿಗೆ ಹೇಳುತ್ತೇನೆಂದೂ ಉಸಿರು ತೆಗೆದುಕೊಳ್ಳದೆ ಜಗಳಾಡುತ್ತಿದ್ದ. ಅಕ್ಕ ಅವನಿಗಿಂತ ಜೋರಾಗಿ ಬೈಯುತ್ತಿದ್ದಳು.

"ಕುಡಿಯಲಿಕ್ಕೆ ನೀರಾದರೂ ಕೊಡ್ತೀರಾ?" ಎಂದೆ.

ಅವಳು ಒಳಗೆ ಹೋಗಿ ನೀರು, ಬೆಲ್ಲ ತಂದಳು. ಬಿಸಿಲಲ್ಲಿ ನಿಂತೇ ಕುಡಿದೆ. ನಿಂತಲ್ಲೇ, ಬೇಲಿಯ ಈಚೆಯಿಂದ, ಕೇಳಬೇಕಾದ್ದನ್ನೆಲ್ಲ ಕೇಳಿದೆ. ಹುಡುಗಿ ಶಾಲೆಗೆ ಹೋಗುತ್ತಾಳಾ, ಜ್ವರಗಿರ ಬಂದಿತ್ತಾ, ಸೋದರಮಾವ ಬಂದು ಹೋಗುತ್ತಾರಾ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಇನ್ನು ನಾನು ಬರುವುದಿಲ್ಲ, ಮೇಲಿನವರಿಗೆ ಬರೆದು ಹಾಕುತ್ತೇನೆ ಎಂದೆ. ಅವಳು ತಲೆಯಾಡಿಸಿ ತಂಬಿಗೆ ತಿರುಗಿ ತೆಗೆದುಕೊಂಡಳು.

ಗದ್ದೆಯ ಹುಣಿಗೆ ಇಳಿದಾಗ ಹಿಂದೆ ಸದ್ದು ಕೇಳಿತು. ಅವಳು ತಡಮೆಗೆ ಎರಡನೆಯ ಕೋಲು ಸಿಕ್ಕಿಸುತ್ತಿದ್ದಳು.